ವಿಮಾನ ಹತ್ತುವ ದಿನ ಲಗೇಜನ್ನು ಬಾಡಿಗೆ ಕಾರಿನಲ್ಲಿಟ್ಟು ಬೆಂಗಳೂರು ಸುತ್ತಬೇಡಿ

ಊರಿಂದ ಬಂದು, ಬೆಂಗಳೂರಿನಲ್ಲಿ ಒಂದೆರಡು ದಿನ ಇದ್ದು, ಅಲ್ಲಿಂದ ಹೊರದೇಶಕ್ಕೆ ಹೊರಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವಯಸ್ಸಾದ ಅಪ್ಪ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೊರಟವರಂತೂ ಓದಲೇಬೇಕು.

ನಾವು ಸಾಗರದವರು. ತಮ್ಮ ಸಿಂಗಪುರದಲ್ಲಿದ್ದಾನೆ. ಅಪ್ಪಯ್ಯ, ಅಮ್ಮ, ನಾನು, ಹೆಂಡತಿ, ಎಂಟು ವರ್ಷದ ಮಗಳು, ಒಟ್ಟು ಐದು ಜನ, ಆರು ಬ್ಯಾಗು. ಗಾಂಧಿನಗರದ ಲಾಡ್ಜೊಂದರಲ್ಲಿ ಒಂದು ರಾತ್ರಿ ಉಳಿದಿದ್ದೆವು. ಮಾರನೇ ದಿನ ರಾತ್ರಿ 10.50ಕ್ಕೆ ವಿಮಾನ. ಬೆಳಿಗ್ಗೆಯೇ ರೂಮು ಖಾಲಿ ಮಾಡಬೇಕಿತ್ತು. ಬ್ಯಾಗುಗಳನ್ನೇನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಲಾಡ್ಜಿನ ಕೌಂಟರಿನವರೇ ಒಂದು ದೊಡ್ಡ ಕಾರು ಗೊತ್ತುಮಾಡಿಕೊಟ್ಟರು. ಇಡೀ ದಿನ ಊರು ತೋರಿಸಿ ಸಂಜೆ ಏರ್‌ಪೋರ್ಟಿಗೆ ಬಿಡುವುದು, 3,200 ರೂಪಾಯಿ, ಲಗೇಜು ಡಿಕ್ಕಿಯಲ್ಲೇ ಇರಲಿ ಎಂದರು. ನನಗೂ ಅದು ಅನುಕೂಲ ಅನ್ನಿಸಿತು. ಕಾಗದದ ಮೇಲೆ ಏನನ್ನೂ ಬರೆಸಿಕೊಳ್ಳಲಿಲ್ಲ.

ಬಸವನಗುಡಿಯ ದೊಡ್ಡ ಬಸವಣ್ಣನ ದರ್ಶನ ಚೆನ್ನಾಗಿಯೇ ಆಯಿತು. ಲಾಲ್‌ಬಾಗಿನಿಂದ ಅವಸರ ಶುರುವಾಯಿತು. 240 ಎಕರೆ ತೋಟಕ್ಕೆ ಡ್ರೈವರು ಕೊಟ್ಟದ್ದು ಅರ್ಧ ಗಂಟೆ. ಕೆಂಪೇಗೌಡರ ಗೋಪುರವಿರುವ ಬಂಡೆ ಮುನ್ನೂರು ಕೋಟಿ ವರ್ಷ ಹಳೆಯದು ಎಂದು ಅಪ್ಪಯ್ಯ ಮೊಮ್ಮಗಳಿಗೆ ಹೇಳುತ್ತಾ ಅರ್ಧ ಹತ್ತಿದ್ದರು, ಅಷ್ಟರಲ್ಲಿ ಫೋನು ಬಂತು. ಅಪ್ಪಯ್ಯ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವರು. ಅವತ್ತು ಅವರು ಆಸೆಪಟ್ಟು ಕೇಳಿದ್ದು ಒಂದೇ, ಟಿಪ್ಪುವಿನ ಬೇಸಿಗೆ ಅರಮನೆ. "ಇವತ್ತು ಕ್ಲೋಸ್ ಸಾರ್, ರಿಪೇರಿ ನಡೀತಿದೆ" ಎಂದ ಡ್ರೈವರು. ಅಪ್ಪಯ್ಯ ಮಾತಾಡದೆ ಕಾರು ಹತ್ತಿದರು.

ಅಲ್ಲಿಂದ ನೇರ ಹೋದದ್ದು ಒಂದು ಸೀರೆ ಅಂಗಡಿಗೆ. "ಸರ್ಕಾರದ್ದೇ ಅಮ್ಮಾ, ಇವತ್ತು ಡಿಸ್ಕೌಂಟ್ ಕೊನೇ ದಿನ." ಸರ್ಕಾರಿ ಮಾನ್ಯತೆ ಪಡೆದದ್ದು ಎಂಬ ಬೋರ್ಡೂ ಇತ್ತು. ಒಳಗೆ ಕಾಫಿ ಕೊಟ್ಟು, ಕೂರಿಸಿ, ಒಂದರ ಮೇಲೊಂದು ಸೀರೆ ಬಿಡಿಸಿದರು. ಬೇಡ ಎಂದು ನಾವು ಹೊರಗೆ ಬಂದರೆ ಡ್ರೈವರು ಇಲ್ಲ, ಕಾರಿಗೆ ಬೀಗ. ಫೋನು ಮಾಡಿದರೆ ಊಟ ಮಾಡ್ತಿದೀನಿ, ಇನ್ನೊಂದು ಸ್ವಲ್ಪ ನೋಡ್ತಿರಿ ಎಂದ. ಬೇರೆ ಆಟೋ ಹಿಡಿದು ಹೋಗೋಣವೆಂದರೆ ನಮ್ಮ ಆರೂ ಬ್ಯಾಗು ಅದರೊಳಗೆ. ಒಂದೂವರೆ ಗಂಟೆ ಹೀಗೇ ಹೋಯಿತು. ಕೊನೆಗೆ ಅಮ್ಮ ಎರಡು "ಮೈಸೂರು ಸಿಲ್ಕ್" ತೆಗೆದುಕೊಂಡರು, ಒಂದಕ್ಕೆ 9,500. ಆಮೇಲೆ ಗಂಧದ ಸಾಮಾನಿನ ಇನ್ನೊಂದು ಅಂಗಡಿ. ನಾನು ಇಳಿಯಲೇ ಇಲ್ಲ, ಆದರೂ ಅಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದ. ವಿಧಾನಸೌಧವನ್ನು ಮಗಳು ಕಾರಿನ ಕಿಟಕಿಯಿಂದ ನೋಡಿದಳು.

ಹೊರಡುವಾಗ ಐದೂಮುಕ್ಕಾಲು. ಮಳೆ ಬೇರೆ. ಮೇಖ್ರಿ ಸರ್ಕಲ್‌ನಿಂದ ಹೆಬ್ಬಾಳದ ಫ್ಲೈಓವರ್ ದಾಟುವಷ್ಟರಲ್ಲಿ ಎಂಟು ಗಂಟೆ ಹತ್ತಿರ. ಸಾದಹಳ್ಳಿ ಹತ್ತಿರ ಸರ್ವಿಸ್ ರಸ್ತೆಗೆ ಇಳಿಸಿ ಗಾಡಿ ಆಫ್ ಮಾಡಿದ. "ಗಂಟೆ ಜಾಸ್ತಿ ಆಯ್ತು, ಕಿಲೋಮೀಟರ್ ಜಾಸ್ತಿ ಆಯ್ತು. ಮೂರೂವರೆ ಸಾವಿರ ಹಾಕಿ, ಹೋಗೋಣ." ಹೊರಗೆ ಕತ್ತಲೆ, ಮಳೆ. ಅಮ್ಮನ ಕೈ ನಡುಗುತ್ತಿತ್ತು. 112ಕ್ಕೆ ಫೋನು ಮಾಡಬಹುದಿತ್ತು, ನನಗೆ ಹೊಳೆದದ್ದು ವಿಮಾನ ಒಂದೇ. ಹಣ ಹಾಕಿದೆ.

ಇಷ್ಟಾದ ಮೇಲೆ ಇಳಿಸಿದ್ದು ಒಂದನೇ ಟರ್ಮಿನಲ್‌ನಲ್ಲಿ. 2023ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದಲೇ ಹೊರಡುವುದು. ಬ್ಯಾಗು ಕೆಳಗಿಟ್ಟು ಅವನು ಹೊರಟೇಹೋದ. ಮತ್ತೊಂದು ವಾಹನ ಹುಡುಕಿ ನಾವು ಕೌಂಟರ್ ಮುಟ್ಟಿದಾಗ 9.35. ಅದು ಮುಚ್ಚುವುದು ವಿಮಾನಕ್ಕೆ ಒಂದು ಗಂಟೆ ಮೊದಲು, ಅಂದರೆ 9.50ಕ್ಕೆ. ಮಂಡಿನೋವಿರುವ ಅಪ್ಪಯ್ಯ ಅವತ್ತು ಓಡಿದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ಸಂಕಟವಾಗುತ್ತದೆ.

ಸೀರೆಯ ವಿಷಯ ಸಿಂಗಪುರದಲ್ಲಿ ಗೊತ್ತಾಯಿತು. ಸರ್ಕಾರದ ಕೆಎಸ್ಐಸಿ ಮಳಿಗೆಯ ಅಸಲಿ ಮೈಸೂರು ಸಿಲ್ಕ್‌ಗೆ ಹೊಲೊಗ್ರಾಂ ಇರುತ್ತದೆ, ಪ್ರತಿ ಸೀರೆಗೂ ಅದರದೇ ನಂಬರು ಇರುತ್ತದೆ. ಅಮ್ಮನ ಹಳೆಯ ಸೀರೆಯಲ್ಲಿ ಅದಿದೆ, ಹೊಸ ಎರಡರಲ್ಲೂ ಇಲ್ಲ. ಬಿಲ್ಲೆಂದು ಕೊಟ್ಟದ್ದು ಜಿಎಸ್‌ಟಿ ನಂಬರೂ ಇಲ್ಲದ ಬಿಳಿ ಚೀಟಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಆದರೆ ಆ ಚೀಟಿ ಇಟ್ಟುಕೊಂಡು ಎಷ್ಟು ದೂರ ಹೋದೀತು ಎಂಬ ಭಯ ಇದೆ. ಹಾಗಾಗಿ ಸರಿಯಾದ ಬಿಲ್ಲು ಕೊಡದಿದ್ದರೆ ಅಲ್ಲೇ ಎದ್ದು ಬನ್ನಿ. ಕಾರು ಹತ್ತುವ ಮೊದಲು ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ನಾನು ತೆಗೆಯಲಿಲ್ಲ, ಲಾಡ್ಜಿನವರು ಈಗ ಆ ಡ್ರೈವರು ಯಾರೋ ಗೊತ್ತಿಲ್ಲ ಅನ್ನುತ್ತಿದ್ದಾರೆ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಬ್ಯಾಗುಗಳದ್ದು. ಅವು ಅವನ ಹತ್ತಿರ ಇದ್ದದ್ದಕ್ಕೇ ನಾವು ಅವನು ಹೇಳಿದಲ್ಲಿ ಕೂತೆವು, ಕೇಳಿದಷ್ಟು ಕೊಟ್ಟೆವು.

ಮೂರು ವಾರ ಬಿಟ್ಟು ವಾಪಸ್ ಬಂದಾಗ ಏರ್‌ಪೋರ್ಟಿನಿಂದ ವಾಯು ವಜ್ರ ಬಸ್ಸಿನಲ್ಲಿ, ಕೆಐಎ-9ರಲ್ಲಿ, ಮೆಜೆಸ್ಟಿಕ್‌ಗೆ ಬಂದೆವು. ಎದುರಿಗೇ ರೈಲ್ವೆ ಸ್ಟೇಷನ್. ರಾತ್ರಿ ರೈಲಿನ ಟಿಕೆಟ್ ತೋರಿಸಿ ಬ್ಯಾಗುಗಳನ್ನು ಕ್ಲೋಕ್ ರೂಮಿನಲ್ಲಿಟ್ಟೆವು (ಬ್ಯಾಗಿಗೆ ಬೀಗ ಇರಬೇಕು, ಮರೆಯಬೇಡಿ). ಆಮೇಲೆ ಹಸಿರು ಮಾರ್ಗದ ಮೆಟ್ರೋ. ಕೆ.ಆರ್. ಮಾರ್ಕೆಟ್, ಬಸವನಗುಡಿಗೆ ಹತ್ತಿರದ ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಇದು ಮೊದಲೇ ತಿಳಿದಿದ್ದರೆ ಅವತ್ತು ಕಾರೇ ಬೇಕಿರಲಿಲ್ಲ.

ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು ನಡೆದುಕೊಂಡೇ ಅರಮನೆಗೆ ಹೋದೆವು. ಗೇಟಿನ ಹತ್ತಿರ ಇದ್ದವರನ್ನು ತಾರೀಖು ಹೇಳಿ ಕೇಳಿದೆ, ಅವತ್ತು ರಿಪೇರಿಗೆ ಮುಚ್ಚಿತ್ತಾ ಎಂದು. "ಇಲ್ಲವಲ್ಲ ಸಾರ್, ತೆರೆದೇ ಇತ್ತು" ಎಂದರು. ಅಪ್ಪಯ್ಯ ಆಗಲೇ ಒಳಗೆ ಹೋಗಿಬಿಟ್ಟಿದ್ದರು. ತೇಗದ ಕಂಬವೊಂದರ ಮೇಲೆ ಕೈಯಿಟ್ಟುಕೊಂಡು, ಹೈದರಾಲಿ ಶುರುಮಾಡಿದ್ದನ್ನು 1791ರಲ್ಲಿ ಟಿಪ್ಪು ಮುಗಿಸಿದ ಕಥೆಯನ್ನು ಮೊಮ್ಮಗಳಿಗೆ ಹೇಳುತ್ತಿದ್ದರು. ಅವರನ್ನು ಯಾರೂ ಅವಸರ ಮಾಡಲಿಲ್ಲ.