ಪದದ ಆಟಕ್ಕೆ ಪದ ಆರಿಸಲು: ನಿಘಂಟೋ, ಎಣಿಕೆಯೋ?

ಕೊಪ್ಪಳದ ನಮ್ಮ ಮಕ್ಕಳಿಗೆ ಪದದ ಆಟ ಕಟ್ಟುತ್ತಿದ್ದೀರಾ? ಹಾಗಾದರೆ ಯಾವ ಪದ ಸುಲಭ, ಯಾವುದು ಕಷ್ಟ ಎಂದು ಮೊದಲು ವಿಂಗಡಿಸಬೇಕು.

ನಿಘಂಟು ಹಿಡಿದರೆ ಪದಗಳಿಗೆ ಬರವಿಲ್ಲ. 1894ರ ಕಿಟೆಲ್ ನಿಘಂಟಿನಲ್ಲೇ ಸುಮಾರು 70,000 ಪದಗಳಿವೆ. ಆದರೆ ಜನ ಯಾವುದನ್ನು ಜಾಸ್ತಿ ಬಳಸುತ್ತಾರೆ ಎಂದು ಅದು ಹೇಳುವುದಿಲ್ಲ. ಪದ ಸರಿಯೋ ತಪ್ಪೋ ಎಂಬ ಜಗಳ ಬಿಡಿಸಲು ಒಳ್ಳೆಯದು, ಅಷ್ಟೇ.

ಪತ್ರಿಕೆಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಕಂಪ್ಯೂಟರಿನಿಂದ ಎಣಿಸುವುದು ಇನ್ನೊಂದು ದಾರಿ. ನಾನು ಇದನ್ನೇ ಆರಿಸುತ್ತೇನೆ, ಆದರೆ ಸುಮ್ನೆ ನಂಬುವುದಿಲ್ಲ. ಮನೆ, ಮನೆಗೆ, ಮನೆಯಲ್ಲಿ ಎಂಬ ಮೂರನ್ನೂ ಅದು ಬೇರೆ ಬೇರೆ ಎಣಿಸುತ್ತದೆ, ನಾವೇ ಕೂಡಿಸಬೇಕು. ಸುದ್ದಿಯಲ್ಲಿ 'ಸಚಿವ' ದಿನವೂ ಬರುತ್ತದೆ, 'ಸೌಟು' ಎಲ್ಲಿ ಬರಬೇಕು? ಆರು ವರ್ಷದ ಮಗುವಿಗೆ ಗೊತ್ತಿರುವುದು ಸೌಟೇ, ಅಲ್ವಾ? 'ಉಳ್ಳಾಗಡ್ಡಿ'ಯದೂ ಅದೇ ಕತೆ. ಅಚ್ಚಿನಲ್ಲಿ ಈರುಳ್ಳಿ ಗೆಲ್ಲುತ್ತದೆ; ನಮ್ಮ ಸಂತೆಯಲ್ಲಿ ಕೇಳುವುದು ಉಳ್ಳಾಗಡ್ಡಿ. ಅದನ್ನು ಅಪರೂಪದ ಪದ ಎಂದರೆ ನನಗೆ ನೋವಾಗುತ್ತದೆ.

ಹಾಗಾಗಿ ಎಣಿಕೆಯ ಪಟ್ಟಿಯನ್ನು ಅಜ್ಜಿಗೂ ಮೊಮ್ಮಗಳಿಗೂ ಓದಿ ಹೇಳಿ. ಇಬ್ಬರಿಗೂ ಗೊತ್ತಿದ್ದರೆ ಸುಲಭದ ಪದ. ಒಬ್ಬರಿಗೇ ಗೊತ್ತಿದ್ದರೆ ಎರಡನೇ ಹಂತಕ್ಕೆ ಹಾಕಿ.