ಬಿಡಿಯಾಗಿ ಮಾರುವ ‘ವಾಟರ್‌ಪ್ರೂಫ್’ ಕಪ್ಪು ಇಂಕನ್ನು ಪೆನ್ನಿಗೆ ತುಂಬಬೇಡಿ

ಇಂಕ್ ಪೆನ್ನಿನಲ್ಲಿ ಬರೆಯುವವರು, ಅದರಲ್ಲೂ ಒಳ್ಳೆಯ ಕಪ್ಪು ಇಂಕಿಗಾಗಿ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಅಂಗಡಿಯವರು ದೊಡ್ಡ ಬಾಟಲಿಯಿಂದ ಚಿಕ್ಕ ಪ್ಲಾಸ್ಟಿಕ್ ಡಬ್ಬಿಗೆ ಬಗ್ಗಿಸಿ, ಮೇಲೆ ‘ವಾಟರ್‌ಪ್ರೂಫ್ ಬ್ಲ್ಯಾಕ್’ ಎಂದು ಚೀಟಿ ಅಂಟಿಸಿ ಕೊಡುವ ಇಂಕನ್ನು ಪೆನ್ನಿಗೆ ತುಂಬಬೇಡಿ. ಅದು ಚಿತ್ರ ಬರೆಯಲು ಬಳಸುವ ಇಂಡಿಯನ್ ಇಂಕ್ ಆಗಿದ್ದರೆ ಪೆನ್ನು ಕೈಬಿಟ್ಟಂತೆಯೇ. ನನ್ನದೊಂದು ಒಳ್ಳೆಯ ಪಿಸ್ಟನ್ ಪೆನ್ನು, ಅಂದರೆ ಹಿಂಬದಿಯ ತಿರುಪು ತಿರುವಿ ಇಂಕು ಹೀರಿಸುವ ಪೆನ್ನು, ಹೀಗೆಯೇ ಹಾಳಾಯಿತು.

ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಆಗಸ್ಟ್ 15ರಂದು ಬಹುಮಾನದ ಜೊತೆ ಕೊಡುವ ಪ್ರಶಸ್ತಿಪತ್ರಗಳಲ್ಲಿ ಮಕ್ಕಳ ಹೆಸರು ಬರೆಯುವುದು ನನ್ನ ಪಾಲಿನ ಕೆಲಸ. ಅಚ್ಚು ಹಾಕಿಸಿದರೆ ಬೇಗ ಆಗುತ್ತದೆ, ನಿಜ. ಆದರೆ ದುಂಡಗೆ ಕೈಯಲ್ಲಿ ಬರೆದ ತನ್ನ ಹೆಸರನ್ನು ಮಗು ಮತ್ತೆ ಮತ್ತೆ ತೆಗೆದು ನೋಡುವುದನ್ನು ಕಂಡವರಿಗೆ ಆ ಕೆಲಸ ಬಿಡಲು ಮನಸ್ಸಾಗುವುದಿಲ್ಲ. ನಮ್ಮಲ್ಲಿ ಆಗಸ್ಟ್ ಎಂದರೆ ಜಡಿಮಳೆ. ಮಕ್ಕಳು ಗುಡ್ಡ ಇಳಿದು ಮನೆ ಮುಟ್ಟುವಷ್ಟರಲ್ಲಿ ಕೊಡೆಯೊಳಗಿನ ಪತ್ರವೂ ತೊಯ್ದಿರುತ್ತದೆ. ಮಾಮೂಲಿ ಕಪ್ಪು ಇಂಕಿನಲ್ಲಿ ಬರೆದ ಹೆಸರು ಅಷ್ಟರಲ್ಲಿ ನೇರಳೆ ಕಲೆಯಾಗಿ ಹರಡಿರುತ್ತದೆ. ಹಾಗಾಗಿ ನೀರಿಗೆ ಕದಲದ ಕಪ್ಪು ಬೇಕೆಂದು ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಕೇಳಿದೆ.

“ಮೇಷ್ಟ್ರೇ, ಇದನ್ನ ತಗೊಂಡ್ ಹೋಗಿ. ಜಪ್ಪಯ್ಯ ಅಂದ್ರೂ ನೀರಿಗೆ ಹೋಗಲ್ಲ” ಎಂದು ಅಂಗಡಿಯವರು ಆ ಡಬ್ಬಿ ಕೊಟ್ಟರು. ಪೆನ್ನಿಗೆ ತುಂಬಬಹುದೇ ಎಂದು ಕೇಳಿದ್ದಕ್ಕೆ, “ಕಣ್ಣು ಮುಚ್ಕೊಂಡು ತುಂಬಿ” ಎಂದರು. ಡಬ್ಬಿಯ ಮೇಲೆ ಕಂಪನಿಯ ಹೆಸರೂ ಇರಲಿಲ್ಲ, ಎಂಥ ಇಂಕೆಂಬ ವಿವರವೂ ಇರಲಿಲ್ಲ.

ಮೊದಮೊದಲು ಬರಹ ಬಹಳ ಚೆನ್ನಾಗಿ ಬಂತು. ಗಾಢ ಕಪ್ಪು, ಅಂಚಿನಲ್ಲಿ ಚೂರೂ ಹರಡದ ಗೆರೆ, ಮೇಲೆ ಸಣ್ಣ ಹೊಳಪು. ಆ ಹೊಳಪೇ ಅಪಾಯದ ಗುರುತು, ಇದನ್ನು ನೆನಪಿಡಿ. ಸ್ವಲ್ಪ ದಿನಕ್ಕೆ ಗೆರೆ ಸಣಕಲಾಯಿತು. ಬೆಳಿಗ್ಗೆ ಪೆನ್ನು ತೆಗೆದರೆ ಮೊದಲ ಅಕ್ಷರ ಮೂಡುತ್ತಿರಲಿಲ್ಲ. ಕೊನೆಗೆ ನಿಬ್ಬು ಪೂರ್ತಿ ಒಣಗಿತು, ಪಿಸ್ಟನ್ನಿನ ತಿರುಪು ಅಲ್ಲಾಡದಾಯಿತು. ಅಂಗಡಿಗೆ ಒಯ್ದು ತೋರಿಸಿದರೆ ಅವರು, “ಏನೂ ಆಗಿಲ್ಲ, ಬಿಗಿಯಾಗಿದೆ ಅಷ್ಟೆ” ಎನ್ನುತ್ತ ನಾನು ಬೇಡ ಬೇಡ ಎನ್ನುವಷ್ಟರಲ್ಲೇ ಬಲವಾಗಿ ತಿರುವಿದರು. ಪೆನ್ನಿನ ಕೊಳವೆ ಉದ್ದಕ್ಕೆ ಸೀಳಿತು. ಆಮೇಲೆ ಆ ಇಂಕನ್ನು ಬಗ್ಗಿಸಿದ್ದ ದೊಡ್ಡ ಬಾಟಲಿ ತೋರಿಸಿ ಎಂದು ಪಟ್ಟು ಹಿಡಿದೆ. ಹೊರಗೆ ಬಂದದ್ದು ಡ್ರಾಯಿಂಗ್ ಇಂಕಿನ ಬಾಟಲಿ. ದುಡ್ಡೂ ವಾಪಸ್ಸು ಬರಲಿಲ್ಲ, ತಪ್ಪಾಯಿತು ಎಂಬ ಮಾತೂ ಬರಲಿಲ್ಲ.

ಪೆನ್ನು ರಿಪೇರಿ ಮಾಡುವವರೊಬ್ಬರು ನಿಬ್ಬು ಕಳಚಿ, ಅದರ ಅಡಿಯಲ್ಲಿ ಇಂಕು ಹರಿದು ಬರುವ ಕಪ್ಪು ನಾಲಿಗೆಯನ್ನು ಹೊರತೆಗೆದು ತೋರಿಸಿದರು. ಅದರ ಸಣ್ಣ ಸಣ್ಣ ಗೀರುಗಳಿಗೆಲ್ಲ ಒಣಗಿದ ಉಗುರುಬಣ್ಣದಂಥ ಪೊರೆ ಮೆತ್ತಿಕೊಂಡಿತ್ತು. ನೀರಿನಲ್ಲಿ ನೆನೆಸಿಟ್ಟರೂ ಬಿಡಲಿಲ್ಲ. ನಿಬ್ಬು ಮಾತ್ರ ಉಳಿಯಿತು.

ಆ ಪೊರೆ ಏನೆಂದು ತಿಳಿದುಕೊಳ್ಳುವುದು ಮುಖ್ಯ. ಇಂಡಿಯನ್ ಇಂಕಿನಲ್ಲಿ ಕಪ್ಪು ಬರುವುದು ಇಂಗಾಲದ ನುಣುಪು ಪುಡಿಯಿಂದ, ಅಂದರೆ ದೀಪದ ಮಸಿಯ ಜಾತಿಯದೇ ವಸ್ತುವಿನಿಂದ. ಆ ಪುಡಿ ಕಾಗದಕ್ಕೆ ಕಚ್ಚಿಕೊಳ್ಳಲಿ ಎಂದು ಜಲನಿರೋಧಕ ಇಂಕುಗಳಲ್ಲಿ ಸಾಮಾನ್ಯವಾಗಿ ಅರಗು ಸೇರಿಸುತ್ತಾರೆ. ಬಡಗಿಗಳು ಮರಕ್ಕೆ ಪಾಲಿಶ್ ಹಚ್ಚುವ ಅರಗೇ ಇದು. ಅರಗು ಬರಿಯ ನೀರಿನಲ್ಲಿ ಕರಗದು. ಆದ್ದರಿಂದ ಬೋರಾಕ್ಸ್ ಅಥವಾ ಅಮೋನಿಯಾದಂಥ ಕ್ಷಾರ ಬೆರೆಸಿ ಕರಗಿಸಿರುತ್ತಾರೆ. ಒಣಗಿತೆಂದರೆ ಗಟ್ಟಿ ಪೊರೆ, ಮತ್ತೆ ನೀರು ಹಾಕಿದರೆ ಜಗ್ಗುವುದಿಲ್ಲ. ಅದ್ದಿ ಬರೆಯುವ ನಿಬ್ಬಿಗೆ ಇದರಿಂದ ತೊಂದರೆಯಿಲ್ಲ, ಬರೆದಾದ ಮೇಲೆ ಒರೆಸಿ ಇಡುತ್ತೇವೆ. ಇಂಕ್ ಪೆನ್ನಿನಲ್ಲಿ ಇಂಕು ವಾರಗಟ್ಟಲೆ ಒಳಗೇ ಕೂತಿರುತ್ತದೆ, ಕೂದಲೆಳೆಯಂಥ ದಾರಿಯಲ್ಲಿ ಹರಿಯಬೇಕಾಗುತ್ತದೆ. ಆ ದಾರಿ ಮುಚ್ಚಿದರೆ ಮುಗಿಯಿತು.

ಹಾಗೆಂದು ಇಂಗಾಲವನ್ನೇ ಬೈಯುವುದು ಸರಿಯಲ್ಲ. ನಮ್ಮ ಓಲೆಗರಿಗಳಲ್ಲಿ ಕಂಠವೆಂಬ ಮೊನಚು ಕಡ್ಡಿಯಿಂದ ಕೊರೆದ ಅಕ್ಷರಕ್ಕೆ ಮಸಿ ಉಜ್ಜಿ ಕಪ್ಪು ಮಾಡುತ್ತಿದ್ದರು, ಶತಮಾನಗಳಾದರೂ ಅವು ಇವತ್ತಿಗೂ ಓದಲು ಸಿಗುತ್ತವೆ. ಇಂಗಾಲದ ಕಪ್ಪು ಬೆಳಕಿಗೆ ಮಾಸುವುದಿಲ್ಲ, ನೀರಿಗೂ ಅಂಜುವುದಿಲ್ಲ. ಇಂಕ್ ಪೆನ್ನಿಗೆಂದೇ ಅರಗಿಲ್ಲದೆ, ಅತಿ ನುಣುಪಾದ ಕಣಗಳಿಂದ ಮಾಡಿದ ಇಂಗಾಲದ ಇಂಕುಗಳಿವೆ. ಜಪಾನಿನ ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್, ಸೈಲರ್ ಕಂಪನಿಯ ಕಿವಾಗುರೊ ಇಂಥವು. ಬೆಲೆ ಹೆಚ್ಚು. ತುಂಬಿದ ಮೇಲೆ ಪೆನ್ನನ್ನು ಮೂಲೆಗೆ ಹಾಕಿ ಮರೆಯುವಂತಿಲ್ಲ. ದಿನಾ ಬರೆಯಬೇಕು, ಆಗಾಗ ತೊಳೆಯಬೇಕು, ಮುಚ್ಚಳ ಭದ್ರವಾಗಿ ಕೂರುವ ಪೆನ್ನೇ ಆಗಬೇಕು. ಪೂರ್ತಿ ಬಿಚ್ಚಿ ತೊಳೆಯಲಾಗದ ಪಿಸ್ಟನ್ ಪೆನ್ನಿಗಿಂತ ಕನ್ವರ್ಟರ್, ಅಂದರೆ ಬಿಚ್ಚಿ ತೆಗೆಯಬಹುದಾದ ಇಂಕಿನ ಕೊಳವೆ, ಇರುವ ಪೆನ್ನು ಇದಕ್ಕೆ ಕ್ಷೇಮ. ಅಮೆರಿಕದ ನೂಡ್ಲರ್ಸ್ ಬ್ಲ್ಯಾಕ್ ಇನ್ನೊಂದು ದಾರಿ ಹಿಡಿದಿದೆ. ಅದರ ಬಣ್ಣ ಕಾಗದದ ನಾರಿಗೇ ಅಂಟಿಕೊಳ್ಳುತ್ತದೆ, ಹಾಗಾಗಿ ಒಣಗಿದ ಮೇಲೆ ನೀರು ಬಿದ್ದರೂ ಅಕ್ಷರ ಉಳಿಯುತ್ತದೆ. ನುಣುಪು ಕಾಗದದ ಮೇಲೆ ಒಣಗಲು ಮಾತ್ರ ಹೊತ್ತು ಬೇಕು.

ನೀರಿನ ಭಯವಿಲ್ಲದ ನಿತ್ಯದ ಬರವಣಿಗೆಗೆ ಇಷ್ಟೆಲ್ಲ ಬೇಡ. ಬಣ್ಣ ಕರಗಿಸಿ ಮಾಡಿದ ಮಾಮೂಲಿ ಇಂಕೇ ಪೆನ್ನಿಗೆ ಹಿತ. ಪಾರ್ಕರ್ ಕಂಪನಿ 1931ರಲ್ಲಿ ತಂದ ಕ್ವಿಂಕ್ ಇವತ್ತಿಗೂ ಸಿಗುತ್ತದೆ, ಅದರ ಕಪ್ಪಿಗೆ ತುಸು ಹಸಿರು ಛಾಯೆ ಇದೆ. ಪೆಲಿಕಾನ್ 4001 ಕಪ್ಪು ನಂಬಿಕಸ್ತ. ಇಟಲಿಯ ಅರೋರಾ ಕಪ್ಪು ಇವೆರಡಕ್ಕಿಂತ ಗಾಢ, ನಿಬ್ಬು ಜಾರುವಂತೆ ಓಡುತ್ತದೆ. ನನ್ನನ್ನು ಕೇಳಿದರೆ ಉತ್ತರಪತ್ರಿಕೆ ತಿದ್ದುವುದು, ಟಿಪ್ಪಣಿ, ಪತ್ರ ಇವಕ್ಕೆಲ್ಲ ಪೆಲಿಕಾನ್ ಸಾಕು. ಸ್ವದೇಶಿ ಚಳವಳಿಯ ಹುರುಪಿನಲ್ಲಿ 1934ರಲ್ಲಿ ಬಂಗಾಳದಲ್ಲಿ ಹುಟ್ಟಿದ ಸುಲೇಖಾ ಈಗ ಮತ್ತೆ ಇಂಕ್ ಪೆನ್ನಿನ ಇಂಕು ಮಾಡುತ್ತಿರುವುದು ಸಂತೋಷದ ಸಂಗತಿ.

ಅನ್ನಭೇದಿ ಎಂಬ ಕಬ್ಬಿಣದ ಲವಣ ಮತ್ತು ಗಿಡಮರಗಳ ಒಗರಿನ ಅಂಶವಾದ ಟ್ಯಾನಿನ್ ಸೇರಿಸಿ ಮಾಡುವ ಇಂಕೂ ಉಂಟು. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿ ಕಪ್ಪಾಗುವುದು ಇಂಥದೇ ಕ್ರಿಯೆಯಿಂದ. ಬರೆದ ಮೇಲೆ ಗಾಳಿ ತಾಗಿ ಅಕ್ಷರ ಕಪ್ಪಾಗುತ್ತ ಹೋಗುತ್ತದೆ, ಇಂಗ್ಲೆಂಡಿನಲ್ಲಿ ಜನನ, ಮದುವೆಗಳ ದಾಖಲೆಗೆ ಇದನ್ನು ಬಹುಕಾಲ ಬಳಸುತ್ತಿದ್ದರು. ಆದರೆ ಇದು ಆಮ್ಲೀಯ. ಉಕ್ಕಿನ ನಿಬ್ಬಿನ ಪೆನ್ನಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನಿಬ್ಬನ್ನೇ ತಿನ್ನಬಹುದು.

ಈಗ ಕೊಳ್ಳುವಾಗ ಏನು ನೋಡಬೇಕು ಎಂಬ ವಿಷಯ. ಕಂಪನಿಯ ಮೂಲ ಬಾಟಲಿ, ಮೂಲ ಚೀಟಿ ಇಲ್ಲದ್ದನ್ನು ಮುಟ್ಟಲೇಬೇಡಿ. ಚೀಟಿಯಲ್ಲಿ ಫೌಂಟನ್ ಪೆನ್ ಎಂಬ ಮಾತು ಇರಲೇಬೇಕು. ಕಂಪನಿಯ ಹೆಸರನ್ನಷ್ಟೇ ನಂಬಿದರೆ ಸಾಲದು, ಏಕೆಂದರೆ ಒಂದೇ ಕಂಪನಿ ಎರಡು ಬಗೆಯದನ್ನೂ ಮಾಡುತ್ತದೆ. ಪೆಲಿಕಾನ್ ಹೆಸರಿನಲ್ಲೇ ಪೆನ್ನಿನ 4001 ಇದೆ, ಅದ್ದಿ ಬರೆಯುವ ನಿಬ್ಬಿನ ಸ್ಕ್ರಿಬ್‌ಟೋಲ್ ಇದೆ. ಫೌಂಟ್ ಇಂಡಿಯಾ ಎಂಬ ಅದರ ಮತ್ತೊಂದು ಇಂಕು ಹೆಸರಿನಿಂದ ಹೆದರಿಸಿದರೂ ಪೆನ್ನಿಗೆಂದೇ ಮಾಡಿದ್ದು.

ಡಬ್ಬಿ ಈಗಾಗಲೇ ಮನೆಗೆ ಬಂದಿದ್ದರೆ ಹೀಗೆ ಪರೀಕ್ಷಿಸಿ. ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಇಡೀ ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ನಲ್ಲಿ ನೀರು ಬಿಟ್ಟಾಗ ಕರಗಿ ಹರಿದುಹೋದರೆ ಅದು ಬಣ್ಣದ ಇಂಕು, ಅಂದರೆ ಬಣ್ಣ ಕರಗಿಸಿ ಮಾಡಿದ ಮಾಮೂಲಿ ಇಂಕು. ಹೊಳೆಯುವ ಪೊರೆಯಾಗಿ ಕೂತು, ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಏಳುವುದಾದರೆ ಅದನ್ನು ಡ್ರಾಯಿಂಗ್ ಮೇಷ್ಟ್ರಿಗೆ ಕೊಟ್ಟುಬಿಡಿ. ಇನ್ನೊಂದು ಗುರುತು: ಹೀರುಕಾಗದದ ಮೇಲೆ ಹನಿ ಬಿಟ್ಟು ಪಕ್ಕದಲ್ಲಿ ನೀರು ತಾಗಿಸಿದರೆ ಬಣ್ಣದ ಇಂಕು ನೀಲಿ, ಕೆಂಪು, ಹಳದಿ ಎಂದು ಬಿಡಿಸಿಕೊಂಡು ಹರಡುತ್ತದೆ, ಏಕೆಂದರೆ ಸಾಮಾನ್ಯವಾಗಿ ಅದರ ಕಪ್ಪು ಹಲವು ಬಣ್ಣಗಳ ಬೆರಕೆ. ಇಂಗಾಲದ್ದು ಬಿದ್ದಲ್ಲೇ ಇರುತ್ತದೆ. ಆದರೆ ಪೆನ್ನಿಗೆಂದೇ ಮಾಡಿದ ಇಂಗಾಲದ ಇಂಕೂ ಹಾಗೆಯೇ ನಿಲ್ಲುವುದರಿಂದ, ಅರಗು ಇದೆಯೇ ಎಂದು ತಿಳಿಯಲು ತಟ್ಟೆಯ ಪರೀಕ್ಷೆಯೇ ಬೇಕು.

ಪೆನ್ನಿಗೆ ತುಂಬಿ ಆಗಿದೆಯೇ? ಹಾಗಿದ್ದರೆ ಒಣಗಲು ಬಿಡಬೇಡಿ, ಈಗಲೇ ಖಾಲಿ ಮಾಡಿ ತಣ್ಣೀರಿನಲ್ಲಿ ತೊಳೆಯಿರಿ, ನೀರು ತಿಳಿಯಾಗುವ ತನಕ. ಹಸಿ ಇರುವಾಗ ಬಹುಪಾಲು ಹೊರಬರುತ್ತದೆ. ಬಿಸಿನೀರು ಬೇಡ, ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಪೆನ್ನಾದರೆ ಬಣ್ಣ ಕೆಡುತ್ತದೆ. ಸ್ಪಿರಿಟ್ ಅಂತೂ ಬೇಡವೇ ಬೇಡ. ಅದು ಅರಗನ್ನು ಕರಗಿಸುತ್ತದೆ ನಿಜ, ಜೊತೆಗೆ ಪೆನ್ನಿನ ಪ್ಲಾಸ್ಟಿಕ್ಕನ್ನೂ ಕೆಡಿಸಬಹುದು, ಹಳೆಯ ಪೆನ್ನುಗಳಲ್ಲಿ ಇಂಕು ತುಂಬುವ ರಬ್ಬರ್ ಚೀಲ ಅಂಟಿಸಿರುವುದೂ ಅರಗಿನಿಂದಲೇ. ಒಣಗಿದ್ದಾದರೆ ಮನೆ ಸ್ವಚ್ಛತೆಗೆಂದು ಮಾರುವ ತೆಳು ಅಮೋನಿಯಾ ಒಂದು ಪಾಲಿಗೆ ಹತ್ತು ಪಾಲು ನೀರು, ಒಂದು ತೊಟ್ಟು ಪಾತ್ರೆ ಸೋಪು ಸೇರಿಸಿ, ಕಿಟಕಿ ತೆರೆದಿಟ್ಟು, ನಿಬ್ಬಿನ ಭಾಗವನ್ನಷ್ಟೇ ಸ್ವಲ್ಪ ಹೊತ್ತು ನೆನೆಸಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಶಾಲೆಯ ಲ್ಯಾಬಿನ ಅಮೋನಿಯಾ ತುಂಬ ಕಟು, ಅದನ್ನು ವಿಜ್ಞಾನದ ಮೇಷ್ಟ್ರ ಕೈಯಿಂದಲೇ ತೆಳು ಮಾಡಿಸಿಕೊಳ್ಳಿ. ಬ್ಲೀಚಿಂಗ್ ಇರುವ ಯಾವುದನ್ನೂ ಇದರ ಹತ್ತಿರ ತರಬೇಡಿ, ವಿಷಗಾಳಿ ಏಳುತ್ತದೆ. ಪಿಸ್ಟನ್ ಕಚ್ಚಿಕೊಂಡಿದ್ದರೆ ಯಾರು ಎಷ್ಟೇ ಧೈರ್ಯ ಹೇಳಿದರೂ ತಿರುವಲು ಬಿಡಬೇಡಿ, ನೇರವಾಗಿ ರಿಪೇರಿಯವರ ಕೈಗೆ ಕೊಡಿ.