10×50 ಬೈನಾಕ್ಯುಲರ್, ಚಿತ್ರದುರ್ಗದ ಹೊಲದಲ್ಲಿ ಅಮಾವಾಸ್ಯೆ ರಾತ್ರಿ ನೋಡಿದ ಮೇಲೆ ಬರೀತಿರೋ ರಿವ್ಯೂ

ಎಂಟು ಸಾವಿರ ಚಿಲ್ಲರೆ ಕೊಟ್ಟು ಒಂದು 10×50 (ಹತ್ತು ಪಟ್ಟು ದೊಡ್ಡದಾಗಿ ತೋರಿಸೋ, ಮುಂದಿನ ಲೆನ್ಸ್ 50 ಮಿಲಿಮೀಟರ್ ಅಗಲ ಇರೋ) ಬೈನಾಕ್ಯುಲರ್ ತಗೊಂಡೆ. ಹಕ್ಕಿ ನೋಡೋರು, ಕ್ರಿಕೆಟ್ ನೋಡೋರು ಬರೆದಿರೋ ರಿವ್ಯೂ ಬೇಕಾದಷ್ಟು ಸಿಕ್ತವೆ, ರಾತ್ರಿ ಆಕಾಶಕ್ಕೆ ಹೆಂಗೆ ಅಂತ ಕನ್ನಡದಲ್ಲಿ ನಂಗೆ ಒಂದೂ ಸಿಗ್ಲಿಲ್ಲ, ಅದಕ್ಕೇ ಬರೀತಿದೀನಿ. ನಾನು ಇದನ್ನ ತಗೊಂಡಿದ್ದು ಒಂದೇ ಆಸೆಗೆ, ನಮ್ಮ ಗೆಲಾಕ್ಸಿ ಸುತ್ತ ಇರೋ ಹೇಲೋದ ಹೊರಭಾಗದಲ್ಲಿ ಇರೋದು ಏನಾದ್ರೂ ಒಂದನ್ನ ಕಣ್ಣಾರೆ ನೋಡ್ಬೇಕು ಅಂತ.

ಮೊದ್ಲು ಬಂದ ಪೀಸ್ ಸರಿ ಇರ್ಲಿಲ್ಲ. ಗುರು ಗ್ರಹ ಎರಡೆರಡು ಕಾಣೋದು, ಹತ್ತು ನಿಮಿಷ ನೋಡಿದ್ರೆ ತಲೆನೋವು. ಎರಡು ಕೊಳವೆ ಒಂದೇ ದಿಕ್ಕಿಗೆ ಕೂತಿಲ್ಲ ಅಂತ ಅದರರ್ಥ. ಮಾರಿದವರು ಬದಲಿ ಕೊಡೋಕೆ ಹದಿನೆಂಟು ದಿನ ಓಡಾಡಿಸಿದ್ರು, ಎರಡನೇ ಪೀಸ್ ಮಾತ್ರ ಚೆನ್ನಾಗಿದೆ. ನೀವು ತಗೊಂಡ್ರೆ ಬಂದ ದಿನ ರಾತ್ರೀನೇ ಒಂದು ನಕ್ಷತ್ರ ನೋಡಿ ಚೆಕ್ ಮಾಡ್ಕೊಳ್ಳಿ, ಬೆಳಗಿನ ಹೊತ್ತು ಮರ ಕಂಬ ನೋಡಿದ್ರೆ ಈ ತಪ್ಪು ಸುಲಭಕ್ಕೆ ಗೊತ್ತಾಗಲ್ಲ.

ಹೇಲೋ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ, ನಮ್ಮ ಆಕಾಶಗಂಗೆ ಹಂಚಿನ ಮೇಲಿನ ದೋಸೆ ಇದ್ದಂಗೆ, ಮಧ್ಯದಲ್ಲಿ ಬೆಣ್ಣೆ ಮುದ್ದೆ ತರ ಉಬ್ಬು, ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲ. ಆ ದೋಸೆ ಸುತ್ತ, ಮೇಲೆ ಕೆಳಗೆ ಎಲ್ಲಾ ಕಡೆ, ಹೊಗೆ ತರ ತೆಳ್ಳಗೆ ಹರಡಿರೋ ಹಳೇ ನಕ್ಷತ್ರಗಳದ್ದೇ ಹೇಲೋ. ಗೆಲಾಕ್ಸಿಯ ನಕ್ಷತ್ರಗಳಲ್ಲಿ ನೂರಕ್ಕೆ ಒಂದು ಪಾಲು ಅಷ್ಟೇ ಅಲ್ಲಿರೋದು, ಆದ್ರೆ ಗೆಲಾಕ್ಸಿ ಹೆಂಗೆ ಹುಟ್ತು ಅನ್ನೋ ಗುರುತೆಲ್ಲಾ ಉಳ್ಕೊಂಡಿರೋದು ಅಲ್ಲೇ. ಅಷ್ಟು ತೆಳು ಇರೋದ್ರಿಂದ ಹೇಲೋ ಪೂರ್ತಿ ಯಾವ ಬೈನಾಕ್ಯುಲರ್‌ನಲ್ಲೂ ಕಾಣಲ್ಲ, ಅದ್ರಲ್ಲಿ ತೇಲಾಡೋ ಗೋಳಾಕಾರದ ನಕ್ಷತ್ರಗುಚ್ಛಗಳು, ಅಂದ್ರೆ ಹಳೇ ನಕ್ಷತ್ರಗಳು ಉಂಡೆ ಕಟ್ಟಿದಂಗಿರೋ ಗುಂಪುಗಳು, ಕಾಣ್ತವೆ.

ದಾವಣಗೆರೆ ಟೌನಲ್ಲಿ ಟೆರೇಸ್ ಮೇಲೆ ಬಹಳ ಸಲ ಟ್ರೈ ಮಾಡಿದೆ, ಬೀದಿದೀಪದ ಬೆಳಕಿಗೆ ಏನೂ ಪ್ರಯೋಜನ ಇಲ್ಲ. ಯುಗಾದಿ ಅಮಾವಾಸ್ಯೆಗೆ ಚಿತ್ರದುರ್ಗದ ಹತ್ರ ಅಕ್ಕನ ಊರಿಗೆ ಹೋಗಿದ್ದಾಗ ಹೊಲದಲ್ಲಿ ಪಂಪ್‌ಸೆಟ್ ಮನೆ ಪಕ್ಕ ಕಂಬಳಿ ಹಾಸ್ಕೊಂಡು ಮಲಗಿ ನೋಡಿದೆ. ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳ ಕೆಂಪು ಲೈಟು ಮಿಣಿಮಿಣಿ ಅಂತಿದ್ವು, ಆ ಕಡೆ ಬೆನ್ನು ಮಾಡಿದ್ರೆ ಕತ್ತಲೆ ಅಂದ್ರೆ ಕತ್ತಲೆ.

ಸಂಜೆ ಎಂಟಕ್ಕೆ ಮೊದ್ಲು ಹುಡುಕಿದ್ದು ಎನ್‌ಜಿಸಿ 2419 ಅನ್ನೋ ಗುಚ್ಛನ. ಮಿಥುನದ ಕ್ಯಾಸ್ಟರ್ ನಕ್ಷತ್ರದಿಂದ ಸ್ವಲ್ಪ ಉತ್ತರಕ್ಕೆ, ಹತ್ತಿರ ಹತ್ತಿರ 2.75 ಲಕ್ಷ ಜ್ಯೋತಿರ್ವರ್ಷ ದೂರ, ನಿಜವಾದ ಹೊರಗಿನ ಹೇಲೋ ಅಂದ್ರೆ ಅದು. ಕಾಣ್ಲಿಲ್ಲ. 50 ಮಿಲಿಮೀಟರ್ ಲೆನ್ಸಿಗೆ ಅದು ಎಟುಕೋದಲ್ಲ, ಅದಕ್ಕೆ ದೊಡ್ಡ ಟೆಲಿಸ್ಕೋಪೇ ಬೇಕು.

ರಾತ್ರಿ ಒಂದೂವರೆಗೆ ದಕ್ಷಿಣದಲ್ಲಿ ಒಮೇಗಾ ಸೆಂಟಾರಿ ಅನ್ನೋ ಗುಚ್ಛ ಮೇಲೆ ಬಂದಿತ್ತು. ಬರಿಗಣ್ಣಿಗೆ ಮಸುಕಾದ ಒಂದು ನಕ್ಷತ್ರ, ಬೈನಾಕ್ಯುಲರ್ ಇಟ್ರೆ ಅರಳೆ ಎಳೆದು ಇಟ್ಟಂಗೆ ದುಂಡಗೆ, ಮಧ್ಯೆ ದಟ್ಟ, ಅಂಚು ಕರಗ್ತಾ ಹೋಗುತ್ತೆ. ಒಂದು ಕೋಟಿಯಷ್ಟು ನಕ್ಷತ್ರ, 17,000 ಜ್ಯೋತಿರ್ವರ್ಷ ದೂರ. ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ನಕ್ಷತ್ರಗಳು ಅದ್ರಲ್ಲಿ ಸೇರ್ಕೊಂಡಿರೋದ್ರಿಂದ, ಹಿಂದೆ ನಮ್ಮ ಗೆಲಾಕ್ಸಿ ನುಂಗಿದ ಒಂದು ಸಣ್ಣ ಗೆಲಾಕ್ಸಿಯ ತಿರುಳು ಇದು ಅಂತ ಬಹಳ ವಿಜ್ಞಾನಿಗಳ ಅಭಿಪ್ರಾಯ. ಅಕ್ಕನ ಮಾವ ಎದ್ದು ಬಂದು ನೋಡಿದ್ರು, ಸುಮಾರು ಹೊತ್ತು ಕೆಳಗಿಳಿಸ್ಲೇ ಇಲ್ಲ. "ಅಲ್ಲಪ್ಪ, ಇಷ್ಟು ವರ್ಷ ಇದೇ ಹೊಲದಾಗೆ ನೀರು ಕಟ್ಟೀನಿ, ಇದು ತಲೆ ಮ್ಯಾಲೇ ಇತ್ತಾ?" ಅಂದ್ರು.

ನಾನು ಕಾದಿದ್ದು ಮಾತ್ರ ಎಂ 54 ಅನ್ನೋ ಇನ್ನೊಂದು ಗುಚ್ಛಕ್ಕೆ. ನಾಲ್ಕೂವರೆಗೆ ಧನು ರಾಶಿ ಚೆನ್ನಾಗಿ ಏರಿತ್ತು, ಅದರ ಟೀ ಕೆಟಲ್ ಆಕಾರದ ತಳದಲ್ಲಿರೋ ನಕ್ಷತ್ರ ಹಿಡ್ಕೊಂಡ್ರೆ ಅದೇ ನೋಟದಲ್ಲೇ ಪಕ್ಕಕ್ಕೆ ಒಂದು ಚುಕ್ಕಿ. ನಕ್ಷತ್ರ ಅಂತಾನೇ ಅನ್ಸುತ್ತೆ, ಆದ್ರೆ ಅಂಚು ಚೂಪಿಲ್ಲ, ನೇರ ನೋಡದೆ ಸ್ವಲ್ಪ ಓರೆಗಣ್ಣಲ್ಲಿ ನೋಡಿದ್ರೆ ಮೆಲ್ಲಗೆ ಊದ್ಕೊಂಡಂಗಾಗುತ್ತೆ. 1778ರಲ್ಲಿ ಫ್ರಾನ್ಸಿನ ಖಗೋಳಜ್ಞ ಮೆಸಿಯೆ ಇದನ್ನ ತನ್ನ ಪಟ್ಟಿಗೆ ಸೇರಿಸಿದ್ದು, ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇದು ನಮ್ಮ ಗೆಲಾಕ್ಸಿದೇ ಅಂದ್ಕೊಂಡಿದ್ರು. 1994ರಲ್ಲಿ ಇಬಾಟಾ, ಗಿಲ್ಮೋರ್, ಇರ್ವಿನ್ ಅನ್ನೋರು ಆ ದಿಕ್ಕಲ್ಲಿ ಒಂದು ಕುಬ್ಜ (ಸಣ್ಣ) ಗೆಲಾಕ್ಸಿ ಕಂಡುಹಿಡಿದ್ರು, ಅದರ ಒಡಲ ಮಧ್ಯೆ ಕೂತಿರೋದೇ ಈ ಎಂ 54, ಸುಮಾರು 87,000 ಜ್ಯೋತಿರ್ವರ್ಷ ಆಚೆ. ಇನ್ನೊಂದು ಗೆಲಾಕ್ಸಿಯ ಎದೆ ನನ್ನ ಕೈಯಲ್ಲಿರೋ ಗಾಜಿನಲ್ಲಿ! ಕೈ ನಡುಗ್ತಿತ್ತು, ಚಳಿಗೋ ಏನೋ ಗೊತ್ತಿಲ್ಲ.

ಆ ಗೆಲಾಕ್ಸೀನ ನಮ್ಮ ಆಕಾಶಗಂಗೆ ಈಗಲೂ ಹರಿದು ತಿಂತಿದೆ. ಸುಗ್ಗೀಲಿ ಮೆಕ್ಕೆಜೋಳದ ಟ್ರ್ಯಾಕ್ಟರ್ ಎಪಿಎಂಸಿಗೆ ಹೋಗುವಾಗ ಚೀಲ ತೂತಾಗಿದ್ರೆ ರೋಡುದ್ದಕ್ಕೂ ಕಾಳು ಸಾಲಾಗಿ ಬಿದ್ದಿರುತ್ತಲ್ಲ, ಆ ಸಾಲು ನೋಡಿದ್ರೆ ಗಾಡಿ ಎಲ್ಲಿಂದ ಬಂತು, ಎಲ್ಲಿ ತಿರುಗ್ತು ಅಂತ ಹೇಳಬಹುದು, ಹಂಗೇ ಅದರ ನಕ್ಷತ್ರಗಳ ಸಾಲು ನಮ್ಮ ಗೆಲಾಕ್ಸಿ ಸುತ್ತ ಪೂರ್ತಿ ಸುತ್ಕೊಂಡಿದೆ. ಹೇಲೋ ಎಲ್ಲಾ ಒಂದೇ ದೊಡ್ಡ ಅನಿಲದ ಮೋಡ ಕುಸಿದು ಆಗಿದ್ದು ಅಂತ 1962ರಲ್ಲಿ ಒಂದು ವಾದ ಬಂತು, 1978ರಲ್ಲಿ ಸರ್ಲ್ ಮತ್ತೆ ಝಿನ್ ಅನ್ನೋ ಇಬ್ಬರು ವಿಜ್ಞಾನಿಗಳು, ಹಂಗಲ್ಲ, ಹೊರಗಿನ ಭಾಗ ಸಣ್ಣ ಸಣ್ಣ ತುಂಡು ನಿಧಾನಕ್ಕೆ ಬಂದು ಸೇರಿ ಆಗಿದ್ದು ಅಂದ್ರು. 2007ರಲ್ಲಿ ಕರೋಲೊ ಅನ್ನೋ ವಿಜ್ಞಾನಿಯ ತಂಡ ಒಳಗಿನ ಹೇಲೋ ಬೇರೆ, ಹೊರಗಿಂದು ಬೇರೆ ಅಂತ ತೋರಿಸ್ತು. ಒಳಗಿನ ನಕ್ಷತ್ರಗಳಲ್ಲಿ ಸೂರ್ಯನ ಸುಮಾರು 40ನೇ ಒಂದು ಪಾಲು ಕಬ್ಬಿಣ, ಹೊರಗಿನವುಗಳಲ್ಲಿ 150ನೇ ಒಂದು ಪಾಲು, ಎರಡರ ಮೂಲ ಬೇರೆ ಅನ್ನೋದಕ್ಕೆ ಇದೊಂದು ಗುರುತು, ಸಾಲದ್ದಕ್ಕೆ ಹೊರಗಿನವು ಒಟ್ಟಾರೆ ನಮ್ಮ ಗೆಲಾಕ್ಸಿ ಸುತ್ತೋದಕ್ಕೆ ಉಲ್ಟಾ ದಿಕ್ಕಿಗೆ ಸುತ್ತೋ ಕಡೆಗೇ ವಾಲಿವೆ. ಇಲ್ಲೇ ಹುಟ್ಟಿದ್ದಾಗಿದ್ರೆ ಉಲ್ಟಾ ಯಾಕೆ ಸುತ್ತಬೇಕು? 2018ರಲ್ಲಿ ನಕ್ಷತ್ರಗಳ ಜಾಗ, ಚಲನೆ ಅಳೆಯೋ ಗಾಯಾ ಉಪಗ್ರಹದ ಲೆಕ್ಕ ಬಂದ ಮೇಲೆ, ಸುಮಾರು ಸಾವಿರ ಕೋಟಿ ವರ್ಷದ ಹಿಂದೆ ಇನ್ನೊಂದು ದೊಡ್ಡ ಗೆಲಾಕ್ಸಿ ಬಂದು ಡಿಕ್ಕಿ ಹೊಡೆದಿದ್ದೂ ಗೊತ್ತಾಯ್ತು, ಒಳಗಿನ ಹೇಲೋದಲ್ಲಿ ಬಹುಪಾಲು ಅದರದ್ದೇ ಚೂರುಗಳು.

ಬೈನಾಕ್ಯುಲರ್ ವಿಷಯಕ್ಕೆ ಬಂದ್ರೆ, ಗಾಜು ಒಳ್ಳೇದು, ಅಂಚಲ್ಲಿ ಮಾತ್ರ ನಕ್ಷತ್ರ ಸ್ವಲ್ಪ ಎಳೆದಂಗೆ ಕಾಣ್ತವೆ. ಕುತ್ತಿಗೆ ಪಟ್ಟಿ ತೆಳ್ಳಗಿದೆ, ಅರ್ಧ ಗಂಟೆಗೆ ಕೊರೆಯುತ್ತೆ, ಅಗಲದ ಪಟ್ಟಿ ಹಾಕಿಸ್ಕೊಳ್ಳಿ. ಟ್ರೈಪಾಡಿಗೆ ಕೂರಿಸೋ ಕ್ಲಾಂಪ್ ಬೇರೆ ತಗೋಬೇಕು, ಎಂ 54 ನೋಡೋಕೆ ಅದು ಬೇಕೇ ಬೇಕು, ಕೈಯಲ್ಲಿ ಹಿಡಿದ್ರೆ ಆ ಚುಕ್ಕಿ ನಿಲ್ಲಲ್ಲ. ಟೌನಲ್ಲೇ ಇರೋರು, ಹೊರಗೆ ಹೋಗೋಕೆ ಆಗದೋರು ದುಡ್ಡು ಹಾಕಬೇಡಿ. ಹಳ್ಳೀಲಿ ಹೊಲ ಮನೆ ಇರೋರು ಖಂಡಿತ ತಗೊಳ್ಳಿ.

ಮಕ್ಕಳಿಗೆ ತೋರಿಸೋದಾದ್ರೆ ಮಹಾಲಯ ಅಮಾವಾಸ್ಯೆಗೆ ಇಟ್ಕೊಳ್ಳಿ, ಮೋಡ ಇಲ್ದಿದ್ರೆ ಸಂಜೆ ಏಳೂವರೆಗೇ ಧನು ರಾಶಿ ದಕ್ಷಿಣದಲ್ಲಿ ಮೇಲಿರುತ್ತೆ, ನಿದ್ದೆ ಕೆಡಬೇಕಿಲ್ಲ. ಅಕ್ಕನ ಮಗಳಿಗೆ ಅವತ್ತು ತೋರಿಸ್ತೀನಿ ಅಂತ ಹೇಳಿ ಬಂದಿದೀನಿ.